ಪೊಲೀಸ್ ಠಾಣೆ ಯಾರಿಗೆ ಜವಾಬು ಹೇಳಬೇಕು?



ನಮ್ಮ ರಾಜ್ಯದ ಪೊಲೀಸ್ ಠಾಣೆಗಳಲ್ಲಿ ‘ತೆರೆದ ಮನೆ’ ಎಂಬ ಕಾರ್ಯಕ್ರಮ ನಡೆಯುತ್ತದೆ. ಶಾಲೆಯ ಮಕ್ಕಳನ್ನು ಠಾಣೆಗೆ ಕರೆಸಿ, ನಿಸ್ತಂತು ಯಂತ್ರ, ಬಂದೂಕು, ಕೈಕೋಳ, ಲಾಕಪ್ಪು ಎಲ್ಲವನ್ನೂ ತೋರಿಸಿ ಕಳುಹಿಸುತ್ತಾರೆ. ನಿಮ್ಮಲ್ಲಿ ಕೆಲವರು ಹೋಗಿ ಬಂದಿರಲೂಬಹುದು. ಮಕ್ಕಳು ಬಂದೂಕಿನ ಮುಂದೆ ಗುಂಪು ಸೇರುವುದು ಸಹಜವೇ. ಆದರೆ ಠಾಣೆಯಲ್ಲಿ ನಿಜವಾಗಿ ನೋಡಬೇಕಾದ ವಸ್ತು ಬಂದೂಕಲ್ಲ, ಠಾಣಾ ದಿನಚರಿ. ಹಿಂದೆ ಅದೊಂದು ದಪ್ಪ ಪುಸ್ತಕವಾಗಿತ್ತು. ಈಗ ಬಹಳ ಕಡೆ ಗಣಕಯಂತ್ರದೊಳಗೆ ಸೇರಿದೆ. ಯಾರು ದೂರು ತಂದರು, ಯಾರನ್ನು ಹಿಡಿದು ತಂದರು, ಎಷ್ಟು ಗಂಟೆಗೆ ತಂದರು, ಯಾವ ಪೇದೆ ಯಾವ ಗಸ್ತಿಗೆ ಹೊರಟ ಎಂಬುದೆಲ್ಲ ಅದರಲ್ಲಿ ದಾಖಲಾಗಬೇಕು. ಬರೆದದ್ದು ನಡೆದಿದೆ, ಬರೆಯದೇ ಬಿಟ್ಟದ್ದು ನಡೆದೇ ಇಲ್ಲ! ಠಾಣೆಯ ಅಧಿಕಾರ ಲಾಠಿಯಲ್ಲಿ ಎಷ್ಟಿದೆಯೋ ಅಷ್ಟೇ ಈ ಲೇಖನಿಯಲ್ಲೂ ಇದೆ.

‘ಜವಾಬ್ದಾರಿ’ ಎಂಬ ಮಾತನ್ನು ನಾವು ದಿನವೂ ಬಳಸುತ್ತೇವೆ. ಅದರೊಳಗೆ ‘ಜವಾಬು’ ಇದೆ ಎಂಬುದನ್ನು ಗಮನಿಸಿದ್ದೀರಾ? ಜವಾಬು ಕೊಡಬೇಕಾದವನೇ ಜವಾಬ್ದಾರ. ಹಾಗಾದರೆ ನಿಮ್ಮ ಊರಿನ ಠಾಣೆ ಯಾರಿಗೆ ಜವಾಬು ಕೊಡಬೇಕು? ಸರ್ಕಲ್ ಇನ್ಸ್‌ಪೆಕ್ಟರಿಗೆ, ಎಸ್.ಪಿ. ಸಾಹೇಬರಿಗೆ, ಗೃಹಮಂತ್ರಿಗಳಿಗೆ ಎಂದು ಥಟ್ಟನೆ ಹೇಳಬಹುದು. ಅದು ಸರಿಯಾದ ಉತ್ತರವೇ. ಆದರೆ ಎಲ್ಲ ಜವಾಬೂ ಮೇಲಕ್ಕೇ ಹೋಗುತ್ತದೆ. ಠಾಣೆಯ ಮೆಟ್ಟಿಲ ಮೇಲೆ ನಿಂತವನಿಗೆ ಬರುವುದಿಲ್ಲ. ಪೊಲೀಸ್ ಸುಧಾರಣೆಯ ಇಡೀ ಚರ್ಚೆ ಹುಟ್ಟಿದ್ದು ಇಲ್ಲಿಂದ. ದೂರದರ್ಶನದ ಅರ್ಧ ಗಂಟೆಯ ಮಾತುಕತೆಯಲ್ಲಿ ಇದನ್ನೆಲ್ಲ ಬಿಡಿಸಿ ಹೇಳಲು ಸಮಯ ಸಾಲದು. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಬ್ರಿಟಿಷರಿಗಿಂತ ಮೊದಲು ಊರ ಕಾವಲು ತಳವಾರ, ತೋಟಿಗಳ ಕೈಯಲ್ಲಿತ್ತು. ಕಳುವಾದ ಮಾಲು ಸಿಗದಿದ್ದರೆ ಕಾವಲಿನವರೇ ನಷ್ಟ ಕಟ್ಟಿಕೊಡಬೇಕೆಂಬ ರೂಢಿ ದಕ್ಷಿಣ ಭಾರತದ ಹಲವು ಕಡೆ ಇತ್ತು. ಇದನ್ನು ಕೇಳಿ ಹಿಂದಿನ ಕಾಲವೇ ಚೆನ್ನಾಗಿತ್ತು ಎಂದುಕೊಳ್ಳಬೇಡಿ. ತಳವಾರ ಊರಿಗೆ ಜವಾಬು ಹೇಳುತ್ತಿದ್ದ, ನಿಜ. ಆದರೆ ಊರೆಂದರೆ ಊರಿನ ದೊಡ್ಡವರು ಮಾತ್ರ. ಕೇರಿಯವರಿಗೆ ಜವಾಬು ಹೇಳುವವರು ಯಾರೂ ಇರಲಿಲ್ಲ.

ಕಂಪನಿ ಸರ್ಕಾರದ ಕಾಲದಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತು. ಕಂದಾಯ ವಸೂಲಿಯೂ ಪೊಲೀಸ್ ಕೆಲಸವೂ ಒಂದೇ ಕೈಗೆ ಸೇರಿದ್ದವು. ಮದರಾಸು ಪ್ರಾಂತದಲ್ಲಿ ಚಿತ್ರಹಿಂಸೆಯ ದೂರುಗಳು ಎಷ್ಟು ಹೆಚ್ಚಿದವೆಂದರೆ, ವಿಚಾರಣೆಗೆಂದೇ ನೇಮಿಸಿದ ಆಯೋಗವೊಂದು 1855ರಲ್ಲಿ ವರದಿ ಕೊಟ್ಟಿತು. ಆಗ ಬಳ್ಳಾರಿಯೂ ಕೆನರಾ ಜಿಲ್ಲೆಯೂ ಆ ಪ್ರಾಂತದಲ್ಲೇ ಇದ್ದವು. ಹಿಂಸೆ ನಡೆಯುತ್ತಿರುವುದು ನಿಜವೆಂದು ಆಯೋಗ ಒಪ್ಪಿತು. ಪೊಲೀಸರ ಮುಂದೆ ಆರೋಪಿ ಮಾಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯದಲ್ಲಿ ಅವನ ವಿರುದ್ಧ ಬಳಸಬಾರದು ಎಂಬ ನಿಯಮ 1861ರಲ್ಲಿ ಕಾನೂನಿಗೆ ಬಂತು. 1872ರ ಸಾಕ್ಷ್ಯ ಕಾಯಿದೆಯಲ್ಲಿ ಅದು ಮುಂದುವರಿಯಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ 23ನೆಯ ಕಲಮಾಗಿ ಉಳಿದಿದೆ. ನೂರಅರವತ್ತು ವರ್ಷಗಳಿಂದ ನಮ್ಮ ಕಾನೂನೇ ಪೊಲೀಸ್ ಠಾಣೆಯ ನಾಲ್ಕು ಗೋಡೆಗಳನ್ನು ಪೂರ್ತಿ ನಂಬಿಲ್ಲ. ಆಲೋಚಿಸಬೇಕಾದ ಸಂಗತಿಯಲ್ಲವೇ?

1857ರ ದಂಗೆಯ ನಂತರ, 1861ರಲ್ಲಿ, ಭಾರತದ ಪೊಲೀಸ್ ಕಾಯಿದೆ ಬಂತು. ಜನರನ್ನು ರಕ್ಷಿಸುವುದಕ್ಕಿಂತ ರಾಜ್ಯವನ್ನು ಉಳಿಸಿಕೊಳ್ಳುವ ಚಿಂತೆ ಅದರ ಹಿಂದಿತ್ತು. ಮೇಲಿನಿಂದ ಬಂದ ಆಜ್ಞೆಯನ್ನು ಕೂಡಲೇ ಪಾಲಿಸುವುದೇ ಪೊಲೀಸನ ಮೊದಲ ಕರ್ತವ್ಯವೆಂದು ಅದು ಸಾರಿತು. 1902ರಲ್ಲಿ ನೇಮಕವಾದ ಫ್ರೇಸರ್ ಆಯೋಗವೇ ಪೊಲೀಸರು ಭ್ರಷ್ಟರು, ದಬ್ಬಾಳಿಕೆಯವರು ಎಂಬ ಭಾವನೆ ಜನರಲ್ಲಿ ಬೇರೂರಿದೆ ಎಂದು ಬರೆಯಿತು. ಅದೂ ಬ್ರಿಟಿಷ್ ಸರ್ಕಾರವೇ ನೇಮಿಸಿದ ಆಯೋಗ! ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನ ಪೊಲೀಸ್ ವಿಷಯವನ್ನು ರಾಜ್ಯಗಳ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಪ್ರಾಂತಕ್ಕೊಂದರಂತಿದ್ದ ಹಳೆಯ ಕಾಯಿದೆಗಳ ಬದಲಿಗೆ 1963ರ ಪೊಲೀಸ್ ಕಾಯಿದೆ ಬಂತು. ಕಾಯಿದೆಯ ಹೆಸರು ಬದಲಾಯಿತು, ಕಟ್ಟಡದ ನಕ್ಷೆ ಹೆಚ್ಚು ಬದಲಾಗಲಿಲ್ಲ.

ದೂರು ಬರೆದುಕೊಳ್ಳದ ಠಾಣೆ

ಒಂದು ಉದಾಹರಣೆ ತೆಗೆದುಕೊಳ್ಳಿ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿನಿಯೊಬ್ಬಳು ಸಂಜೆ ಬಸ್ಸಿಗಾಗಿ ಕಾಯುತ್ತಿರುವಾಗ ಬೈಕಿನಲ್ಲಿ ಬಂದವರು ಅವಳ ಮೊಬೈಲನ್ನು ಕಸಿದುಕೊಂಡು ಹೋದರು. ಠಾಣೆಗೆ ಹೋದರೆ, ‘ಎಲ್ಲೋ ಬೀಳಿಸಿಕೊಂಡಿರಬೇಕು ನೋಡಮ್ಮ, ಕಳೆದುಹೋಗಿದೆ ಅಂತ ಒಂದು ಅರ್ಜಿ ಬರೆದುಕೊಡು’ ಎನ್ನುತ್ತಾರೆ. ಕಸಿದುಕೊಂಡದ್ದು ಅಪರಾಧ, ಕಳೆದುಹೋದದ್ದು ಅಪರಾಧವಲ್ಲ. ಒಂದೇ ಪದ ಬದಲಾಯಿಸಿದ್ದರಿಂದ ಅಪರಾಧವೇ ಮಾಯವಾಯಿತು.

ಠಾಣೆಯವರು ಹೀಗೇಕೆ ಮಾಡುತ್ತಾರೆ? ಸೋಮಾರಿತನ ಒಂದು ಕಾರಣವಿರಬಹುದು, ಕೆಲವೊಮ್ಮೆ ಲಂಚವೂ ಇರಬಹುದು. ಆದರೆ ದೊಡ್ಡ ಕಾರಣ ಬೇರೆ. ಠಾಣಾಧಿಕಾರಿಯ ಕೆಲಸವನ್ನು ಮೇಲಿನವರು ಅಳೆಯುವುದು ಅಂಕಿಸಂಖ್ಯೆಗಳಿಂದ. ಕಳೆದ ವರ್ಷ ಇಷ್ಟು ಪ್ರಕರಣ, ಈ ವರ್ಷ ಇಷ್ಟು, ಪತ್ತೆಯಾದದ್ದು ಇಷ್ಟು. ಪ್ರಕರಣ ಹೆಚ್ಚಿದರೆ ‘ನಿಮ್ಮ ಠಾಣೆಯಲ್ಲಿ ಅಪರಾಧ ಹೆಚ್ಚಿದೆಯಲ್ಲ’ ಎಂಬ ಪ್ರಶ್ನೆ ಬರುತ್ತದೆ. ಸದನದಲ್ಲಿ ಮಂತ್ರಿಗಳಿಗೂ ಅದೇ ಪ್ರಶ್ನೆ. ದಾಖಲಿಸದಿದ್ದರೆ ಯಾರೂ ಕೇಳುವುದಿಲ್ಲ. ಜವಾಬು ಮೇಲಕ್ಕೆ ಮಾತ್ರ ಹೋಗುವ ವ್ಯವಸ್ಥೆಯಲ್ಲಿ ಪ್ರಾಮಾಣಿಕವಾಗಿ ದೂರು ಬರೆದುಕೊಂಡ ಅಧಿಕಾರಿಗೇ ಶಿಕ್ಷೆಯಾದಂತೆ ಆಗುತ್ತದೆ. ಬರೆದುಕೊಂಡವನನ್ನು ಬೈಯುವ ಅಭ್ಯಾಸ ಬಿಡದೆ ಠಾಣೆಗೆ ಎಷ್ಟು ಗಣಕಯಂತ್ರ ಕೊಟ್ಟರೂ ಈ ರೋಗ ವಾಸಿಯಾಗದು ಎಂಬುದು ನನ್ನ ಅಭಿಪ್ರಾಯ.

ಕಾನೂನು ಮಾತ್ರ ಸ್ಪಷ್ಟವಾಗಿದೆ. 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ, ದೂರಿನಲ್ಲಿ ಸಂಜ್ಞೇಯ ಅಪರಾಧ ಕಂಡುಬಂದರೆ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸಲೇಬೇಕು ಎಂದಿತು. ಸಂಜ್ಞೇಯ ಅಪರಾಧವೆಂದರೆ ನ್ಯಾಯಾಧೀಶರ ಅಪ್ಪಣೆಗೆ ಕಾಯದೆ ಪೊಲೀಸರೇ ತನಿಖೆ ಆರಂಭಿಸಬಹುದಾದ ಅಪರಾಧ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ಪ್ರಕಾರ, ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ನೀವು ಹೋದ ಠಾಣೆಯವರು ದೂರು ಬರೆದುಕೊಳ್ಳಬೇಕು. ವರದಿಯ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣೆಯವರು ಒಪ್ಪದಿದ್ದರೆ ದೂರನ್ನು ಅಂಚೆಯಲ್ಲಿ ಎಸ್.ಪಿ.ಯವರಿಗೆ ಕಳುಹಿಸಬಹುದು, ಅಲ್ಲೂ ಆಗದಿದ್ದರೆ ನ್ಯಾಯಾಧೀಶರ ಬಳಿಗೆ ಹೋಗಬಹುದು. ಇದರಲ್ಲಿ ಒಂದು ಹೊಸ ಸಡಿಲವೂ ಇದೆ: ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿ.ವೈ.ಎಸ್.ಪಿ. ಅನುಮತಿ ಪಡೆದು ಹದಿನಾಲ್ಕು ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಈ ಹದಿನಾಲ್ಕು ದಿನಗಳು ನಿಜವಾದ ವಿಚಾರಣೆಗೋ ರಾಜಿ ಪಂಚಾಯ್ತಿಗೋ ಎಂಬುದನ್ನು ಹೊರಗಿನವರು ನೋಡುತ್ತಿರಬೇಕಾಗುತ್ತದೆ.

ದಸ್ತಗಿರಿಯ ಮೊದಲ ರಾತ್ರಿ

ದೂರು ಬರೆಯದಿರುವುದು ಒಂದು ಬಗೆಯ ಅನ್ಯಾಯವಾದರೆ, ಹಿಡಿದು ತಂದದ್ದನ್ನು ಬರೆಯದಿರುವುದು ಪ್ರಾಣಕ್ಕೇ ಅಪಾಯ. ದಸ್ತಗಿರಿಯಾದವನಿಗೆ ಕಾರಣ ತಿಳಿಸಬೇಕು, ಇಪ್ಪತ್ತನಾಲ್ಕು ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು ಎಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. 1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ. ಕೆ. ಬಸು ಅವರು ಲಾಕಪ್ಪಿನ ಸಾವುಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯಕ್ಕೆ ಪತ್ರ ಬರೆದರು. ಅದೇ ಪತ್ರ ಅರ್ಜಿಯಾಗಿ, ಹತ್ತು ವರ್ಷಗಳ ನಂತರ, 1996ರ ಡಿಸೆಂಬರಿನಲ್ಲಿ ತೀರ್ಪಾಯಿತು. ಹಿಡಿಯುವ ಪೊಲೀಸನ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು, ದಸ್ತಗಿರಿ ಪತ್ರಕ್ಕೆ ಮನೆಯವರೋ ಊರಿನ ಗೌರವಸ್ಥರೋ ಸಾಕ್ಷಿ ಹಾಕಬೇಕು, ಬಂಧುಗಳಿಗೆ ತಿಳಿಸಬೇಕು, ಮೈಮೇಲಿನ ಗಾಯಗಳನ್ನು ಬರೆದಿಡಬೇಕು, ನಲವತ್ತೆಂಟು ಗಂಟೆಗೊಮ್ಮೆ ವೈದ್ಯರು ಪರೀಕ್ಷಿಸಬೇಕು. ಹೀಗೆ ಹನ್ನೊಂದು ಸೂಚನೆಗಳು. ಇವುಗಳಲ್ಲಿ ಹಲವು ಈಗ ಕಾಯಿದೆಯ ಭಾಗವೇ ಆಗಿವೆ.

ಹಾಗಿದ್ದರೂ 2020ರ ಜೂನಿನಲ್ಲಿ ನೆರೆಯ ತಮಿಳುನಾಡಿನ ಸಾತಾನ್‌ಕುಳಂನಲ್ಲಿ ಏನಾಯಿತು? ಕೊರೊನಾ ನಿರ್ಬಂಧದ ವೇಳೆ ಮೀರಿ ಅಂಗಡಿ ತೆರೆದಿದ್ದರೆಂಬ ಆಪಾದನೆಯ ಮೇಲೆ ಮೊಬೈಲ್ ಅಂಗಡಿಯ ತಂದೆ ಮಗ ಇಬ್ಬರನ್ನು ಜೂನ್ 19ರಂದು ಠಾಣೆಗೆ ಕರೆದೊಯ್ದರು. ವೈದ್ಯರ ಪ್ರಮಾಣಪತ್ರವೂ ಆಯಿತು, ನ್ಯಾಯಾಧೀಶರ ರಿಮಾಂಡ್ ಆದೇಶವೂ ಆಯಿತು. ಜೂನ್ 22 ಮತ್ತು 23ರಂದು ಇಬ್ಬರೂ ತೀರಿಕೊಂಡರು. ಠಾಣೆಯ ಹೊಡೆತವೇ ಕಾರಣವೆಂದು ಸಿ.ಬಿ.ಐ. ಒಂಬತ್ತು ಪೊಲೀಸರ ಮೇಲೆ ಕೊಲೆಯ ಆರೋಪಪಟ್ಟಿ ಸಲ್ಲಿಸಿತು. ವಿಚಾರಣೆಗೆ ಹೋದ ನ್ಯಾಯಾಧೀಶರಿಗೆ ಠಾಣೆಯಲ್ಲಿ ಸಿ.ಸಿ. ಟಿ.ವಿ. ಕ್ಯಾಮೆರಾಗಳೇನೋ ಕಂಡವು, ಆದರೆ ಚಿತ್ರಗಳು ದಿನದಿನವೂ ತಾವಾಗಿಯೇ ಅಳಿಸಿಹೋಗುವಂತೆ ಇಟ್ಟಿದ್ದರು. ನಡೆದದ್ದನ್ನು ಹೇಳಲು ಧೈರ್ಯ ಮಾಡಿದವರು ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್. ಕಾಗದಗಳು ಇದ್ದವು, ಯಂತ್ರವೂ ಇತ್ತು. ಸಮಯಕ್ಕೆ ಸರಿಯಾಗಿ ಒಳಗೆ ಇಣುಕಿ ನೋಡುವ ಹೊರಗಿನ ಕಣ್ಣು ಮಾತ್ರ ಇರಲಿಲ್ಲ.

ಅದೇ ವರ್ಷ ಡಿಸೆಂಬರ್ 2ರಂದು ಪಂಜಾಬಿನ ಬೇರೊಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ದೇಶದ ಎಲ್ಲ ಠಾಣೆಗಳ ಬಾಗಿಲು, ಲಾಕಪ್ಪು, ಪಡಸಾಲೆಗಳಲ್ಲಿ ಕ್ಯಾಮೆರಾ ಇರಬೇಕು, ಚಿತ್ರಗಳನ್ನು ಹದಿನೆಂಟು ತಿಂಗಳು ಕಾಪಾಡಬೇಕು, ತಾಂತ್ರಿಕವಾಗಿ ಸಾಧ್ಯವಾಗದಿದ್ದರೆ ಒಂದು ವರ್ಷವಾದರೂ ಇಡಬೇಕು ಎಂದು ಆದೇಶಿಸಿತು. ಇವನ್ನು ನೋಡಿಕೊಳ್ಳುವ ಜಿಲ್ಲಾ ಸಮಿತಿಯಲ್ಲಿ ಎಸ್.ಪಿ. ಮತ್ತು ಜಿಲ್ಲಾಧಿಕಾರಿಗಳ ಜೊತೆಗೆ ನಗರದ ಮೇಯರ್ ಅಥವಾ ಜಿಲ್ಲಾ ಪಂಚಾಯತಿಯ ಮುಖ್ಯಸ್ಥರು ಇರಬೇಕೆಂದೂ ಹೇಳಿತು. ಸ್ಥಳೀಯ ಜನಪ್ರತಿನಿಧಿಗೆ ಠಾಣೆಯ ಒಳಗಿನ ವಿಷಯದಲ್ಲಿ ಕಾನೂನುಬದ್ಧವಾಗಿ ಸ್ಥಾನ ಸಿಕ್ಕಿದ ಅಪರೂಪದ ಜಾಗವಿದು. ನಮ್ಮಲ್ಲಿ ನೋಡಿದರೆ, 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ! ಕುರ್ಚಿ ಕೊಟ್ಟರು, ಕೂರುವವರೇ ಇಲ್ಲ.

ಧರ್ಮವೀರರಿಂದ ಪ್ರಕಾಶ್ ಸಿಂಗ್‌ವರೆಗೆ

1975ರಿಂದ 77ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಪೊಲೀಸರು ಆಳುವವರ ಕೈಯ ಆಯುಧವಾದದ್ದನ್ನು ದೇಶ ಕಂಡಿತು. ಅದರ ಬೆನ್ನಲ್ಲೇ 1977ರಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ನೇಮಕವಾಯಿತು. ಅಧ್ಯಕ್ಷರಾದ ಧರ್ಮವೀರ ಅವರು ಹಿಂದೆ ನಮ್ಮ ರಾಜ್ಯದ ರಾಜ್ಯಪಾಲರಾಗಿದ್ದವರು. 1979ರಿಂದ 81ರೊಳಗೆ ಆಯೋಗ ಎಂಟು ವರದಿಗಳನ್ನು ಕೊಟ್ಟಿತು. ಸರ್ಕಾರ ಬದಲಾಯಿತು, ವರದಿಗಳು ಕಪಾಟು ಸೇರಿದವು. 1996ರಲ್ಲಿ ನಿವೃತ್ತ ಪೊಲೀಸ್ ಮಹಾನಿರ್ದೇಶಕ ಪ್ರಕಾಶ್ ಸಿಂಗ್ ಮತ್ತಿತರರು ಇವನ್ನು ಜಾರಿಗೆ ತರಬೇಕೆಂದು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಜೀವನವಿಡೀ ಖಾಕಿ ಧರಿಸಿದವರೇ ಬಂದು ‘ನಮ್ಮ ಇಲಾಖೆಯನ್ನು ಸರಿಮಾಡಿ’ ಎಂದು ಕೇಳಿದ ಮೊಕದ್ದಮೆ ಇದು. ತೀರ್ಪು ಬಂದದ್ದು 2006ರ ಸೆಪ್ಟೆಂಬರ್ 22ರಂದು.

ಏಳು ನಿರ್ದೇಶನಗಳಲ್ಲಿ ಎಲ್ಲವನ್ನೂ ಇಲ್ಲಿ ಹೇಳಬೇಕಾಗಿಲ್ಲ. ಸರ್ಕಾರದ ಅನುಚಿತ ಒತ್ತಡ ತಡೆಯಲು ರಾಜ್ಯ ಭದ್ರತಾ ಆಯೋಗ, ವರ್ಗಾವಣೆಗಳನ್ನು ನೋಡಲು ಹಿರಿಯ ಪೊಲೀಸ್ ಅಧಿಕಾರಿಗಳ ಮಂಡಳಿ, ತನಿಖೆ ಮಾಡುವವರೇ ಬೇರೆ ಬಂದೋಬಸ್ತಿನವರೇ ಬೇರೆ ಎಂಬ ವಿಭಜನೆ ಇವೆಲ್ಲ ಅದರಲ್ಲಿವೆ. ನಿಮ್ಮ ಊರಿನ ಮಟ್ಟಕ್ಕೆ ನೇರವಾಗಿ ತಾಗುವವು ಎರಡು.

ಮೊದಲನೆಯದು, ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಜಾಗದಲ್ಲಿ ಕೆಲಸ ಮಾಡಲು ಬಿಡಬೇಕು ಎಂಬುದು. ಇನ್ಸ್‌ಪೆಕ್ಟರುಗಳ ವರ್ಗಾವಣೆಯಲ್ಲಿ ಶಾಸಕರ ಶಿಫಾರಸು ಪತ್ರ ನಡೆಯುತ್ತದೆಂಬುದು ಯಾವ ಪಕ್ಷದ ಸರ್ಕಾರವಿದ್ದರೂ ಗುಟ್ಟಾಗಿ ಉಳಿದ ಮಾತಲ್ಲ. ಪತ್ರದಿಂದ ಬಂದವನು ಪತ್ರ ಕೊಟ್ಟವರಿಗೆ ಜವಾಬು ಹೇಳುತ್ತಾನೆ, ಇದರಲ್ಲಿ ಆಶ್ಚರ್ಯವೇನಿದೆ?

ಎರಡನೆಯದು, ಪೊಲೀಸ್ ದೂರು ಪ್ರಾಧಿಕಾರ. ಪೊಲೀಸರ ಮೇಲಿನ ದೂರನ್ನು ಪೊಲೀಸರೇ ವಿಚಾರಿಸಿದರೆ ಜನ ನಂಬುವುದು ಹೇಗೆ? ಅದಕ್ಕಾಗಿ ರಾಜ್ಯಮಟ್ಟದಲ್ಲಿ ಉಚ್ಚ ಅಥವಾ ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ, ಜಿಲ್ಲೆಯಲ್ಲಿ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾಗಿರಬೇಕು ಎಂದಿತು ನ್ಯಾಯಾಲಯ. ಡಿ.ವೈ.ಎಸ್.ಪಿ. ಹಂತದವರೆಗಿನವರ ಮೇಲಿನ ದೂರು ಜಿಲ್ಲೆಗೆ, ಎಸ್.ಪಿ. ಮತ್ತು ಅದಕ್ಕೆ ಮೇಲಿನವರದು ರಾಜ್ಯಕ್ಕೆ. ಕಸ್ಟಡಿಯಲ್ಲಿ ಸಾವು, ತೀವ್ರ ಗಾಯ, ಅತ್ಯಾಚಾರದಂಥ ಗಂಭೀರ ದೂರುಗಳನ್ನು ಎರಡೂ ಕಡೆ ವಿಚಾರಿಸಬಹುದು. ಹೆದರಿಸಿ ಹಣ ಕೀಳುವುದು, ಮನೆ ಜಮೀನು ಕಬಳಿಸುವುದು, ಅಧಿಕಾರದ ಗಂಭೀರ ದುರುಪಯೋಗ ಇವನ್ನು ಜಿಲ್ಲಾ ಪ್ರಾಧಿಕಾರ ನೋಡಬಹುದು. ಕ್ರಮಕ್ಕೆ ಪ್ರಾಧಿಕಾರ ಮಾಡಿದ ಶಿಫಾರಸನ್ನು ಇಲಾಖೆ ಪಾಲಿಸಲೇಬೇಕು. ಆದರೆ ಹಲವು ರಾಜ್ಯಗಳು ಕಾಯಿದೆ ಬರೆಯುವಾಗ ಇದನ್ನು ತೆಳುಮಾಡಿ, ಹುದ್ದೆಯಲ್ಲಿರುವ ಅಧಿಕಾರಿಗಳನ್ನೇ ಸದಸ್ಯರಾಗಿ ಕೂರಿಸಿದವು. ತೀರ್ಪಿನ ಪಾಲನೆ ನೋಡಲು ನೇಮಿಸಿದ್ದ ನ್ಯಾಯಮೂರ್ತಿ ಕೆ. ಟಿ. ಥಾಮಸ್ ಸಮಿತಿಯೂ 2010ರಲ್ಲಿ ರಾಜ್ಯಗಳ ಉದಾಸೀನದ ಬಗ್ಗೆ ಬೇಸರದಿಂದಲೇ ವರದಿ ಮಾಡಿತು.

ಕರ್ನಾಟಕ 2012ರಲ್ಲಿ ತನ್ನ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಭದ್ರತಾ ಆಯೋಗ, ಸಿಬ್ಬಂದಿ ಮಂಡಳಿ, ರಾಜ್ಯ ಮತ್ತು ಜಿಲ್ಲಾ ದೂರು ಪ್ರಾಧಿಕಾರಗಳಿಗೆ ಅವಕಾಶ ಕಲ್ಪಿಸಿತು. ಅಂದರೆ ಕಾನೂನಿದೆ. ಆದರೆ ನಿಮ್ಮ ಊರಿನಲ್ಲಿ ಹತ್ತು ಜನರನ್ನು ನಿಲ್ಲಿಸಿ, ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರ ಎಲ್ಲಿದೆ ಎಂದು ಕೇಳಿ ನೋಡಿ. ಲೋಕಾಯುಕ್ತದ ಹೆಸರು ಎಲ್ಲರಿಗೂ ಗೊತ್ತು. ಲಂಚ ಕೇಳಿದರೆ ಅಲ್ಲಿಗೆ ಹೋಗಬೇಕೆಂದು ಹಳ್ಳಿಯವರೂ ಹೇಳುತ್ತಾರೆ. ಹೊಡೆತಕ್ಕೆ ಎಲ್ಲಿಗೆ ಹೋಗಬೇಕೆಂಬುದು ಓದಿದವರಿಗೂ ತಿಳಿಯದು. ಹೆಸರು ಗೊತ್ತಿಲ್ಲದ ಕಚೇರಿಗೆ ದೂರು ಬರುವುದಿಲ್ಲ. ದೂರು ಬರಲಿಲ್ಲವಾದ್ದರಿಂದ ಎಲ್ಲ ಸರಿಯಿದೆ ಎಂದು ತೋರಿಸುವುದು ಸುಲಭ.

ಎಸ್.ಪಿ. ಕಚೇರಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳವರ ಕುಂದುಕೊರತೆ ಸಭೆಗಳು ನಡೆಯುತ್ತವೆ. ಬೆಂಗಳೂರಿನಲ್ಲಿ ಮಾಸಿಕ ಜನಸಂಪರ್ಕ ದಿನವೂ ಇದೆ. ಇವನ್ನು ಹಗುರವಾಗಿ ಕಾಣಬಾರದು. ಜನ ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ, ಅಧಿಕಾರಿ ಎಲ್ಲರೆದುರು ಜವಾಬು ಕೊಡುತ್ತಾರೆ. ಅಷ್ಟರಮಟ್ಟಿಗೆ ಇದು ನಾವು ಹೇಳುತ್ತಿರುವುದೇ. ಆದರೆ ಹಿಂದಿನ ತಿಂಗಳ ಪ್ರಶ್ನೆ ಏನಾಯಿತು ಎಂಬುದನ್ನು ಬರೆದು ಠಾಣೆಯ ಗೋಡೆಗೆ ಹಚ್ಚುವ ಪದ್ಧತಿ ಬೇಕು. ಹಚ್ಚದಿದ್ದರೆ ಸಭೆ ಮುಗಿದೊಡನೆ ಜವಾಬೂ ಮುಗಿಯುತ್ತದೆ.

ಇನ್ನು ಪೇದೆಗಳ ವಿಷಯ. ಅವರನ್ನು ಬಿಟ್ಟು ಸುಧಾರಣೆಯ ಮಾತಾಡುವುದು ಅನ್ಯಾಯ. 2016ರ ಜೂನ್ 4ರಂದು ಕರ್ನಾಟಕದ ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆ ಹಾಕಬೇಕೆಂಬ ಕರೆ ಹೊರಟು ಸರ್ಕಾರ ತಲ್ಲಣಿಸಿತು. ಕಡಿಮೆ ಸಂಬಳ, ಮುಗಿಯದ ಪಾಳಿ, ಸಿಗದ ರಜೆ, ಮೇಲಧಿಕಾರಿಗಳ ಮನೆಚಾಕರಿ ಅವರ ದೂರುಗಳಾಗಿದ್ದವು. ಆಮೇಲೆ ವೇತನ ಪರಿಶೀಲನೆಗೆ ರಾಘವೇಂದ್ರ ಔರಾದ್ಕರ್ ಸಮಿತಿ ನೇಮಕವಾಯಿತು. 2025ರಲ್ಲಿ ಪೇದೆಗಳ ತಲೆಯ ಮೇಲಿನ ಹಳೆಯ ಮಡಿಕೆ ಟೋಪಿ ಹೋಗಿ ಕಡುನೀಲಿ ಕ್ಯಾಪು ಬಂತು. ಬಿಸಿಲಲ್ಲಿ ನಿಲ್ಲುವವರಿಗೆ ಹಗುರ ಟೋಪಿ ಒಳ್ಳೆಯದೇ. ಆದರೆ ಹದಿನಾಲ್ಕು ಗಂಟೆ ಬಂದೋಬಸ್ತು ಮಾಡಿ, ಮೇಲಿನವರಿಂದ ಬೈಸಿಕೊಂಡು ಬಂದ ಪೇದೆ ರಾತ್ರಿ ಹನ್ನೊಂದಕ್ಕೆ ಬಂದ ದೂರುದಾರನನ್ನು ಹೇಗೆ ಮಾತನಾಡಿಸಿಯಾನು? ತನ್ನ ಮೇಲಿನ ಅನ್ಯಾಯಕ್ಕೆ ಜವಾಬು ಸಿಗದವನು ಇತರರಿಗೆ ಜವಾಬು ಕೊಡಲು ಕಲಿಯುವುದು ಕಷ್ಟ. ಜಿಲ್ಲೆಯಲ್ಲಿ ಎಸ್.ಪಿ. ಕಚೇರಿಯ ಹೊರಗೆ, ತನ್ನದೇ ತನಿಖಾ ಸಿಬ್ಬಂದಿಯಿರುವ, ನಿವೃತ್ತ ನ್ಯಾಯಾಧೀಶರು ನಡೆಸುವ ಪ್ರಾಧಿಕಾರ ಬೇಕೆಂದು ನಾವು ಕೇಳುವಾಗ, ಅದೇ ಉಸಿರಿನಲ್ಲಿ ಪೇದೆಗೆ ವಾರದ ರಜೆಯನ್ನೂ ಕೇಳಬೇಕು.

ನೀವು ಈಗಲೇ ಮಾಡಬಹುದಾದ ಒಂದು ಕೆಲಸವಿದೆ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಅರ್ಜಿದಾರನಿಗೆ ವಯಸ್ಸಿನ ಮಿತಿ ಇಲ್ಲ, ನಾಗರಿಕನಾಗಿದ್ದರೆ ಸಾಕು. ಕಾಲೇಜಿನ ರಾಜ್ಯಶಾಸ್ತ್ರ ಸಂಘದಿಂದ ಒಬ್ಬರು ತಮ್ಮ ಹೆಸರಿನಲ್ಲೇ ಅರ್ಜಿ ಹಾಕಿ, ನಿಮ್ಮ ಜಿಲ್ಲೆಯ ಪೊಲೀಸ್ ದೂರು ಪ್ರಾಧಿಕಾರದ ವಿಳಾಸವೇನು, ಅದರ ಸದಸ್ಯರು ಯಾರು, ಕಳೆದ ವರ್ಷ ಎಷ್ಟು ಬಾರಿ ಸೇರಿತು, ಎಷ್ಟು ದೂರು ಬಂದವು, ಎಷ್ಟರಲ್ಲಿ ಕ್ರಮಕ್ಕೆ ಶಿಫಾರಸಾಯಿತು ಎಂದು ಕೇಳಬಹುದು. ಶುಲ್ಕ ಹತ್ತು ರೂಪಾಯಿ, ಅಂಚೆ ಕಚೇರಿಯಲ್ಲಿ ಪೋಸ್ಟಲ್ ಆರ್ಡರ್ ಸಿಗುತ್ತದೆ. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು ಮತ್ತು ನೂರೈವತ್ತು ಪದಗಳನ್ನು ಮೀರಬಾರದು. ಆದ್ದರಿಂದ ಪೀಠಿಕೆ ಬರೆಯಲು ಹೋಗಬೇಡಿ. ಮೊದಲ ಸಾಲಿನಿಂದಲೇ ಪ್ರಶ್ನೆ ಕೇಳಿ, ಅರ್ಜಿಯ ಒಂದು ಪ್ರತಿಯನ್ನು ದಿನಾಂಕ ಹಾಕಿ ನಿಮ್ಮಲ್ಲಿ ಇಟ್ಟುಕೊಳ್ಳಿ.